ಎಂಟರ್ ಹೊಡೆದರೆ ಒತ್ತಿದ್ದು ಯಾವ ಬಟನ್? ಜಾವಾಸ್ಕ್ರಿಪ್ಟ್‌ನಲ್ಲಿ ಕೀಬೋರ್ಡ್ ಈವೆಂಟ್‌ಗಳು



ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೊನೆಯ ವಾರ. ನಮ್ಮ ದ್ವಿತೀಯ ಪಿಯುಸಿ ಹುಡುಗನೊಬ್ಬ ಮುಖ ಸಣ್ಣಗೆ ಮಾಡಿಕೊಂಡು ಲ್ಯಾಬ್ ಬಾಗಿಲಲ್ಲಿ ನಿಂತಿದ್ದ. "ಸರ್, ನಾನು ಬಟನ್ ಒತ್ತೇ ಇಲ್ರೀ. ಹೆಸರು ಬರೆದು ಎಂಟರ್ ಹೊಡೆದೆ ಅಷ್ಟೇ. ಅರ್ಜಿ ಹೋಗೇಬಿಡ್ತು!" ತಂದೆಯ ವರಮಾನ, ಬ್ಯಾಂಕ್ ಖಾತೆ ಸಂಖ್ಯೆ ಎರಡೂ ಖಾಲಿ. ಪುಟ ಮಾತ್ರ "ನಿಮ್ಮ ಅರ್ಜಿ ಸ್ವೀಕೃತವಾಗಿದೆ" ಎಂದು ಒಂದು ನಂಬರ್ ಕೊಟ್ಟು ಕುಳಿತಿತ್ತು. ತಿದ್ದಲು ದಾರಿ ಇರಲಿಲ್ಲ. ಅದನ್ನು ಸರಿಪಡಿಸಿಕೊಳ್ಳಲು ಅವನು ಅಪ್ಪನ ಜೊತೆ ಎರಡು ಸಲ ಬಸ್ಸು ಹತ್ತಬೇಕಾಯಿತು, ಅಪ್ಪನ ಎರಡು ದಿನದ ಕೂಲಿಯೂ ಹೋಯಿತು.

ಹುಡುಗ ಹೇಳಿದ್ದು ನಿಜ, ಅವನು ಬಟನ್ ಒತ್ತಿರಲಿಲ್ಲ. ಅವನ ಪರವಾಗಿ ಬ್ರೌಸರ್ ಒತ್ತಿತ್ತು. ಕೀಬೋರ್ಡಿನ ಒಂದು ಕೀಲಿ ವೆಬ್ ಪುಟದ ಒಂದು ಬಟನ್ನನ್ನು ಒತ್ತುವುದು ಹೇಗೆ, ಅದನ್ನು ನಾವು ಬೇಕೆಂದಾಗ ಮಾಡಿಸುವುದು ಹೇಗೆ, ಬೇಡದಾಗ ತಡೆಯುವುದು ಹೇಗೆ ಎಂಬುದೇ ಈ ಸಲದ ಪಾಠ. ಎಚ್‌ಟಿಎಂಎಲ್‌ನಲ್ಲಿ ಒಂದು ಫಾರ್ಮ್, ಒಂದು ಬಟನ್ ಬರೆಯಲು ಬಂದರೆ ಸಾಕು, ಉಳಿದದ್ದು ಇಲ್ಲೇ ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪುಟಗಳಲ್ಲಿ ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಗಟ್ಟಿಯಾಗಿ ಓದಿಕೊಂಡು ಲ್ಯಾಬ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಜಾವಾಸ್ಕ್ರಿಪ್ಟ್‌ನ ಸ್ವಂತ ಪದಗಳು ಇಂಗ್ಲಿಷ್‌ನಲ್ಲೇ ಇರಬೇಕು. ಆದರೆ ನೀವು ಇಡುವ ವೇರಿಯೇಬಲ್ ಹೆಸರು, ಬಟನ್ನಿನ ಐಡಿ ಕನ್ನಡದಲ್ಲಿದ್ದರೂ ನಡೆಯುತ್ತದೆ. "ಮುಂದೆ" ಎಂಬ ವೇರಿಯೇಬಲ್‌ಗೆ ಬ್ರೌಸರ್ ತಕರಾರು ಮಾಡುವುದಿಲ್ಲ, ಬೇಕಿದ್ದರೆ ಪರೀಕ್ಷಿಸಿ ನೋಡಿ.

ನಾವು ಏನೂ ಬರೆಯದಿದ್ದರೂ ಬ್ರೌಸರ್ ಮಾಡುವ ಕೆಲಸ

ಪುಟದಲ್ಲಿ ಒಂದು ನಿಜವಾದ ಬಟನ್ ಟ್ಯಾಗ್ ಇದ್ದರೆ ಅದಕ್ಕೆ ಕೀಬೋರ್ಡ್ ಹುಟ್ಟಿನಿಂದಲೇ ಗೊತ್ತು. ಟ್ಯಾಬ್ ಕೀಲಿ ಒತ್ತುತ್ತಾ ಹೋಗಿ. ಬಟನ್ನಿನ ಸುತ್ತ ಒಂದು ಗೆರೆ ಬರುತ್ತದೆ. ಅದನ್ನು ಫೋಕಸ್ ಎನ್ನುತ್ತಾರೆ, ಅಂದರೆ ಈಗ ಕೀಬೋರ್ಡಿನ ಮಾತು ಕೇಳುವವರು ಯಾರು ಎಂಬ ಗುರುತು. ಆಗ ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಮೌಸ್‌ನಿಂದ ಕ್ಲಿಕ್ ಮಾಡಿದ ಹಾಗೆಯೇ ಕ್ಲಿಕ್ ಈವೆಂಟ್ ಹೊರಡುತ್ತದೆ. ಎರಡಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಎಂಟರ್ ಕೀಲಿ ಕೆಳಗೆ ಹೋದ ಕ್ಷಣವೇ ಕ್ಲಿಕ್ ಆಗುತ್ತದೆ, ಸ್ಪೇಸ್ ಕೀಲಿಯಾದರೆ ಬೆರಳು ತೆಗೆದಾಗ ಆಗುತ್ತದೆ. ಸ್ಪೇಸ್ ಒತ್ತಿ ಹಿಡಿದುಕೊಂಡು ನೋಡಿ, ಬಟನ್ ಒಳಗೆ ಕುಸಿದು ಕಾಯುತ್ತಿರುತ್ತದೆ.

ಫಾರ್ಮ್ ಒಳಗೆ ಇನ್ನೊಂದು ನಿಯಮ ಸೇರುತ್ತದೆ. ಒಂದು ಸಾಲಿನ ಪಠ್ಯ ಪೆಟ್ಟಿಗೆಯಲ್ಲಿ ಕರ್ಸರ್ ಇರುವಾಗ ಎಂಟರ್ ಹೊಡೆದರೆ, ಬ್ರೌಸರ್ ಆ ಫಾರ್ಮ್‌ನಲ್ಲಿ ಮೇಲಿನಿಂದ ಕೆಳಗೆ ಹುಡುಕಿ, ಮೊದಲು ಸಿಗುವ ಸಬ್‌ಮಿಟ್ ಬಟನ್ನನ್ನು ತಾನೇ ಒತ್ತುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ. ಹೆಸರಿನ ಪೆಟ್ಟಿಗೆ, ಎಂಟರ್, ಸಬ್‌ಮಿಟ್. ಬಹು ಸಾಲಿನ ಪೆಟ್ಟಿಗೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಎಂಟರ್ ಎಂದರೆ ಹೊಸ ಸಾಲು.

ಇದರೊಳಗೊಂದು ಬಲೆಯಿದೆ, ಅನುಭವಿಗಳೂ ಅದರಲ್ಲಿ ಬೀಳುತ್ತಾರೆ. ಬಟನ್ ಟ್ಯಾಗ್‌ಗೆ ಟೈಪ್ ಎಂಬ ಗುಣ ಬರೆಯದೆ ಬಿಟ್ಟರೆ, ಫಾರ್ಮ್ ಒಳಗೆ ಅದು ಸಬ್‌ಮಿಟ್ ಬಟನ್ ಆಗಿಬಿಡುತ್ತದೆ. ನೀವು ಫಾರ್ಮ್‌ನ ಮೇಲ್ತುದಿಯಲ್ಲಿ "ಎಲ್ಲ ಅಳಿಸು" ಎಂಬ ಬಟನ್ ಇಟ್ಟು, ಅದಕ್ಕೆ ಟೈಪ್ ಬರೆಯಲು ಮರೆತಿದ್ದೀರಿ ಎಂದುಕೊಳ್ಳಿ. ಕೊನೆಯ ಪೆಟ್ಟಿಗೆ ತುಂಬಿ ಯಾರೋ ಎಂಟರ್ ಹೊಡೆಯುತ್ತಾರೆ. ಬ್ರೌಸರ್‌ಗೆ ಮೊದಲು ಸಿಗುವುದು ನಿಮ್ಮ "ಎಲ್ಲ ಅಳಿಸು". ಅರ್ಧ ಗಂಟೆ ಕೂತು ತುಂಬಿದ್ದೆಲ್ಲ ಮಾಯ! ಆದ್ದರಿಂದ ಫಾರ್ಮ್ ಒಳಗಿನ ಸಾಮಾನ್ಯ ಬಟನ್‌ಗೆ ಟೈಪ್ ಸಮ "ಬಟನ್" ಎಂದು ಬರೆಯುವುದನ್ನು ಕೈಗೆ ರೂಢಿ ಮಾಡಿಕೊಳ್ಳಿ.

ಹಾಗಾದರೆ ಎಂಟರ್ ಕೀಲಿಯನ್ನೇ ಕಟ್ಟಿಹಾಕಬಾರದೇ ಎಂದು ಕೇಳುತ್ತೀರಿ. ಬೇಡ. ಎಂಟರ್ ಹೊಡೆದು ಕಳಿಸುವ ರೂಢಿ ಸಾವಿರಾರು ಜನರಿಗಿದೆ, ಕೆಲವರಿಗೆ ಅದೊಂದೇ ದಾರಿ. ಬೇಕಾದ ಪೆಟ್ಟಿಗೆಗಳಿಗೆ ರಿಕ್ವೈರ್ಡ್ ಎಂದು ಬರೆದಿದ್ದರೆ, ಖಾಲಿ ಇರುವ ತನಕ ಬ್ರೌಸರ್ ಫಾರ್ಮನ್ನು ಕಳಿಸುತ್ತಲೇ ಇರಲಿಲ್ಲ. ಆ ಒಂದು ಪದ ಬರೆದಿದ್ದರೆ ಆ ಎರಡು ಬಸ್ ಪ್ರಯಾಣ ಉಳಿಯುತ್ತಿತ್ತು. ಅದರ ಮೇಲೆ, ಕಳಿಸುವ ಮುನ್ನ ತುಂಬಿದ್ದನ್ನೆಲ್ಲ ಒಮ್ಮೆ ತೋರಿಸಿ "ಸರಿಯಿದೆಯೇ" ಎಂದು ಕೇಳುವ ಪುಟವೂ ಇರಬೇಕಿತ್ತು. ತಪ್ಪು ಎಂಟರ್ ಹೊಡೆದವನದಲ್ಲ.

ಕೇಳುವವನನ್ನು ಕೂರಿಸುವುದು

ಈಗ ನಮ್ಮ ಕೋಡ್‌ಗೆ ಬರೋಣ. ಕೀಲಿ ಕೆಳಗೆ ಹೋದಾಗ ಕೀಡೌನ್, ಮೇಲೆ ಬಂದಾಗ ಕೀಅಪ್ ಎಂಬ ಈವೆಂಟ್ ಹೊರಡುತ್ತದೆ. ಹಳೆಯ ಪುಸ್ತಕಗಳಲ್ಲಿ ಕೀಪ್ರೆಸ್ ಎಂಬ ಮೂರನೆಯದೂ ಇದೆ. ಅದನ್ನು ಈಗ ಬಳಸಬೇಡಿ ಎಂದು ಮಾನದಂಡವೇ ಹೇಳುತ್ತದೆ. ಬಾಣದ ಕೀಲಿ, ಎಸ್ಕೇಪ್ ಮುಂತಾದವಕ್ಕೆ ಅದು ಸರಿಯಾಗಿ ಹೊರಡುತ್ತಲೂ ಇರಲಿಲ್ಲ. ಹಾಗೆಯೇ ಎಂಟರ್‌ಗೆ 13, ಸ್ಪೇಸ್‌ಗೆ 32 ಎಂದು ಸಂಖ್ಯೆ ಹೋಲಿಸುವ ಕೀಕೋಡ್ ಪದ್ಧತಿಯೂ ಹಳತಾಯಿತು. ಯೂಟ್ಯೂಬ್ ಪಾಠಗಳಲ್ಲಿ ಇನ್ನೂ ಕಾಣುತ್ತದೆ. ಓದಲು ಗೊತ್ತಿರಲಿ, ಹೊಸದಾಗಿ ಬರೆಯಬೇಡಿ.

ನಮ್ಮ ಅಂತರ್ ತರಗತಿ ಕ್ವಿಜ್‌ಗೆ ಲ್ಯಾಬ್‌ನಲ್ಲಿ ನಾವೇ ಒಂದು ಪುಟ ಮಾಡಿದ್ದು ನಿಮಗೆ ನೆನಪಿದೆ. ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರಗಳ ಬಟನ್, ಮೂಲೆಯಲ್ಲಿ "ಮುಂದೆ" ಬಟನ್. ಅಶೋಕನ ಹೆಸರೇ ಇರುವ ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು ಯಾವ ವರ್ಷ (1915), ರಾಯಚೂರು ಕದನ ನಡೆದದ್ದು ಯಾವ ವರ್ಷ (1520), ನಮ್ಮ ಸೀಮೆಯನ್ನು ದೋಆಬ್ ಎನ್ನುವುದು ಯಾವ ಎರಡು ನದಿಗಳ ನಡುವೆ ಇರುವುದರಿಂದ (ಕೃಷ್ಣಾ, ತುಂಗಭದ್ರಾ), ಈ ಬಗೆಯ ಪ್ರಶ್ನೆಗಳು. ಲ್ಯಾಬ್‌ನ ಅರ್ಧ ಮೌಸ್‌ಗಳು ಸತ್ತಿದ್ದರಿಂದ ಕೀಬೋರ್ಡ್‌ನಿಂದಲೇ ನಡೆಸೋಣ ಎಂದು ಹೊರಟೆವು. ನಾನು ಬರೆದ ಮೊದಲ ಕೋಡ್ ಇದು:

ಲೆಟ್ ಮುಂದೆ = ಡಾಕ್ಯುಮೆಂಟ್.ಗೆಟ್‌ಎಲಿಮೆಂಟ್‌ಬೈಐಡಿ("ಮುಂದೆ");
ಡಾಕ್ಯುಮೆಂಟ್.ಆ್ಯಡ್‌ಈವೆಂಟ್‌ಲಿಸನರ್("ಕೀಡೌನ್", ಫಂಕ್ಷನ್ (ಇ) {
  ಇಫ್ (ಇ.ಕೀ === "ಎಂಟರ್") {
    ಮುಂದೆ.ಕ್ಲಿಕ್();
  }
});

ಟೈಪ್ ಮಾಡುವಾಗ ಆ್ಯಡ್ ಎಂಬುದರ ಎ ಸಣ್ಣ ಅಕ್ಷರ, ಈವೆಂಟ್‌ನ ಇ ಮತ್ತು ಲಿಸನರ್‌ನ ಎಲ್ ದೊಡ್ಡ ಅಕ್ಷರ. ಕೀಡೌನ್ ಪೂರ್ತಿ ಸಣ್ಣ ಅಕ್ಷರ. ಎಂಟರ್‌ನ ಮೊದಲ ಇ ದೊಡ್ಡದು. ಇದರಲ್ಲಿ ಒಂದು ತಪ್ಪಿದರೂ ಪುಟದ ಮೇಲೆ ಬ್ರೌಸರ್ ಏನೂ ಹೇಳದೆ ಸುಮ್ಮನಿರುತ್ತದೆ. ಲ್ಯಾಬ್‌ನಲ್ಲಿ "ಸರ್, ಓಡವಲ್ದು" ಎಂದು ಕೈ ಎತ್ತುವವರಲ್ಲಿ ಹೆಚ್ಚಿನವರ ಕಾಯಿಲೆ ಇದೇ.

ಅರ್ಥ ಸರಳ. ಮೊದಲ ಸಾಲು ಬಟನ್ನನ್ನು ಹಿಡಿದುಕೊಳ್ಳುತ್ತದೆ. ಎರಡನೆಯದು ಇಡೀ ಪುಟಕ್ಕೆ ಒಬ್ಬ ಕೇಳುವವನನ್ನು ಕೂರಿಸುತ್ತದೆ. ಕೀಲಿ ಒತ್ತಿದಾಗಲೆಲ್ಲ ಬ್ರೌಸರ್ ಅವನ ಕೈಗೆ ಒಂದು ಚೀಟಿ ಕೊಡುತ್ತದೆ, ಅದೇ ಇ. ಯಾವ ಕೀಲಿ, ಜೊತೆಗೆ ಕಂಟ್ರೋಲ್ ಒತ್ತಿತ್ತೇ, ಕರ್ಸರ್ ಎಲ್ಲಿತ್ತು ಎಂಬುದೆಲ್ಲ ಆ ಚೀಟಿಯಲ್ಲಿರುತ್ತದೆ. ಕೊನೆಗೆ ಕ್ಲಿಕ್ ಎಂಬ ಮೆಥಡ್ ಬಟನ್ನನ್ನು ಒತ್ತುತ್ತದೆ. ಉತ್ತರ ಪರೀಕ್ಷಿಸುವ, ಅಂಕ ಕೂಡಿಸುವ ಕೆಲಸವನ್ನು ಕೀಡೌನ್ ಒಳಗೆ ಮತ್ತೆ ಬರೆಯದೆ ಬಟನ್ನನ್ನೇ ಒತ್ತಿಸಿದ್ದಕ್ಕೆ ಕಾರಣವಿದೆ. ಮೌಸ್‌ನಿಂದ ಬಂದರೂ ಕೀಬೋರ್ಡ್‌ನಿಂದ ಬಂದರೂ ಕೆಲಸ ಒಂದೇ ಕಡೆ ಇರುತ್ತದೆ. ಬಟನ್ ಡಿಸೇಬಲ್ ಆಗಿದ್ದರೆ ಕ್ಲಿಕ್ ಮೆಥಡ್ ಏನೂ ಮಾಡುವುದಿಲ್ಲ, ಅದೂ ನಮಗೆ ಅನುಕೂಲವೇ.

ಪ್ರಶ್ನೆ ಎಲ್ಲಿ ಹೋಯಿತು?

ಪರೀಕ್ಷೆ ಮಾಡಿದೆವು, ಓಡಿತು. ಕ್ವಿಜ್ ದಿನ ಮೂರನೆಯ ಪ್ರಶ್ನೆಯಿಂದ ಪುಟ ನೇರ ಐದಕ್ಕೆ ಹಾರಿತು. ಆ ತಂಡದವರು ಎದ್ದು ನಿಂತರು. ಅವರಿಗೆ ನಾಲ್ಕನೆಯ ಪ್ರಶ್ನೆ ಸಿಕ್ಕೇ ಇಲ್ಲ. "ಕೀಬೋರ್ಡ್ ಖರಾಬಾಗಿದೆ" ಎಂದು ಯಾರೋ ತೀರ್ಪು ಕೊಟ್ಟರು. ಕೀಬೋರ್ಡ್ ಬದಲಿಸಿದೆವು. ಮತ್ತೆ ಅದೇ ಕಥೆ, ಆದರೆ ಎಲ್ಲ ಸಲವೂ ಅಲ್ಲ.

ಸಂಜೆ ಕೂತು ನೋಡಿದಾಗ ತಿಳಿಯಿತು. ಯಾರಾದರೂ ಒಮ್ಮೆ ಮೌಸ್‌ನಿಂದ "ಮುಂದೆ" ಒತ್ತಿದ್ದರೆ ಮಾತ್ರ ಆಮೇಲೆ ಎಂಟರ್ ಎರಡು ಹೆಜ್ಜೆ ಹಾರುತ್ತಿತ್ತು. ಏಕೆಂದರೆ ಮೌಸ್‌ನಿಂದ ಒತ್ತಿದ ಬಟನ್ ಮೇಲೆ ಫೋಕಸ್ ಉಳಿಯುತ್ತದೆ. ಅಲ್ಲಿ ಎಂಟರ್ ಹೊಡೆದಾಗ ನನ್ನ ಕೋಡ್ ಒಂದು ಸಲ ಒತ್ತುತ್ತದೆ, ಫೋಕಸ್ ಇರುವ ಬಟನ್ ಆದ್ದರಿಂದ ಬ್ರೌಸರ್ ತನ್ನ ಪಾಡಿಗೆ ಇನ್ನೊಂದು ಸಲ ಒತ್ತುತ್ತದೆ. ಕೀಲಿ ಒಂದು, ಕ್ಲಿಕ್ ಎರಡು. ಕೀಬೋರ್ಡ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ಇದಕ್ಕೆ ಮದ್ದು ಎಂದು ನಾನು ಇ.ಪ್ರಿವೆಂಟ್‌ಡಿಫಾಲ್ಟ್() ಎಂಬ ಸಾಲು ಸೇರಿಸಿದೆ. "ಈ ಕೀಲಿಗೆ ನೀನು ಮಾಡುವ ಮಾಮೂಲಿ ಕೆಲಸ ಬಿಡು, ನಾನು ನೋಡಿಕೊಳ್ಳುತ್ತೇನೆ" ಎಂದು ಬ್ರೌಸರ್‌ಗೆ ಹೇಳುವ ಸಾಲು ಅದು. ಎರಡು ಹೆಜ್ಜೆ ಹಾರುವುದು ನಿಂತಿತು. ಮರುದಿನ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ವಿದ್ಯಾರ್ಥಿನಿಯೊಬ್ಬಳು ಎಡಗೈಯಲ್ಲಿ ಟ್ಯಾಬ್ ಒತ್ತುತ್ತಾ ಮೂರನೆಯ ಉತ್ತರದ ಮೇಲೆ ನಿಂತಳು, ಎಂಟರ್ ಹೊಡೆದಳು. ಉತ್ತರ ಆಯ್ಕೆಯಾಗಲಿಲ್ಲ, ಪುಟ ಮುಂದಿನ ಪ್ರಶ್ನೆಗೆ ಹೋಯಿತು. ನನ್ನ ಮದ್ದು ಒಂದು ರೋಗ ವಾಸಿ ಮಾಡಿ ಇನ್ನೊಂದನ್ನು ತಂದಿತ್ತು. ಪುಟದ ಎಲ್ಲ ಬಟನ್‌ಗಳ ಎಂಟರ್ ಅಧಿಕಾರವನ್ನೂ ನಾನು ಕಿತ್ತುಕೊಂಡಿದ್ದೆ.

ಆಗ ಬುದ್ಧಿ ಬಂತು. ಎಂಟರ್, ಸ್ಪೇಸ್, ಟ್ಯಾಬ್ ಈ ಮೂರು ಬ್ರೌಸರ್‌ನ ಸ್ವತ್ತು. ಇಡೀ ಪುಟದ ಮಟ್ಟದಲ್ಲಿ ಅವುಗಳ ತಂಟೆಗೆ ಹೋಗಬಾರದು. "ಮುಂದೆ" ಬಟನ್‌ಗೆ ಬೇರೊಂದು ಕೀಲಿ ಕೊಡಬೇಕು. ನೆಕ್ಸ್ಟ್ ಎಂಬ ನೆನಪಿಗೆ ಎನ್ ಕೀಲಿ ಇಟ್ಟೆವು.

ಎನ್ ಒತ್ತಿದರೆ ಲ ಬಂತು

ಒಂದು ಕಂಪ್ಯೂಟರ್‌ನಲ್ಲಿ ಎನ್ ಕೆಲಸ ಮಾಡಲಿಲ್ಲ. ಉಳಿದ ಎಲ್ಲದರಲ್ಲೂ ಸರಿ. ಆ ಯಂತ್ರದಲ್ಲಿ ರಾಜ್ಯೋತ್ಸವದ ಆಹ್ವಾನ ಪತ್ರಿಕೆ ಟೈಪ್ ಮಾಡಿದವರು ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿ ಹಾಗೆಯೇ ಬಿಟ್ಟು ಹೋಗಿದ್ದರು.

ಈ ಸಮಸ್ಯೆ ಇಂಗ್ಲಿಷ್ ಪುಸ್ತಕಗಳಲ್ಲಿ ವಿರಳ. ನಮ್ಮಲ್ಲಿ ದಿನನಿತ್ಯದ್ದು. ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಇ.ಕೀ ಎಂಬುದು ಒತ್ತಿದ ಕೀಲಿಯಿಂದ ಯಾವ ಅಕ್ಷರ ಹುಟ್ಟಿತು ಎಂದು ಹೇಳುತ್ತದೆ. ಇ.ಕೋಡ್ ಎಂಬುದು ಕೀಬೋರ್ಡಿನ ಮೇಲೆ ಯಾವ ಜಾಗದ ಕೀಲಿ ಒತ್ತಲಾಯಿತು ಎಂದು ಹೇಳುತ್ತದೆ. ಇಂಗ್ಲಿಷ್‌ನಲ್ಲಿರುವಾಗ ಎರಡೂ ಒಂದೇ ಎನ್ನಿಸುತ್ತದೆ, ಭಾಷೆ ಬದಲಾದಾಗ ಬೇರೆಯಾಗುತ್ತವೆ.

ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಎಡಗೈಗೆ ಹೆಚ್ಚಾಗಿ ಸ್ವರಚಿಹ್ನೆಗಳು, ಬಲಗೈಗೆ ವ್ಯಂಜನಗಳು. ಹೆಚ್ಚಿನ ಭಾರತೀಯ ಲಿಪಿಗಳಿಗೂ ಜಾಗ ಒಂದೇ. ಅದರಲ್ಲಿ ಎನ್ ಕೀಲಿ ಒತ್ತಿದರೆ ಲ, ಎಲ್ ಒತ್ತಿದರೆ ತ, ಎಂ ಒತ್ತಿದರೆ ಸ, ಎಚ್ ಒತ್ತಿದರೆ ಪ. ಕೆ ಒತ್ತಿದರೆ ಮಾತ್ರ ಅದೃಷ್ಟಕ್ಕೆ ಕ. ಇದಕ್ಕೆ ಬದಲು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲೆಲ್ಲ ಹರಡಿದ ಆ ವಿನ್ಯಾಸದಲ್ಲಿ, ಇಂಗ್ಲಿಷ್ ಅಕ್ಷರದ ಉಚ್ಚಾರಣೆಗೆ ಹತ್ತಿರದ ಕನ್ನಡ ಅಕ್ಷರ ಕೂತಿದೆ. ಎನ್‌ಗೆ ನ, ಕೆಗೆ ಕ, ಶಿಫ್ಟ್ ಜೊತೆ ಕೆ ಒತ್ತಿದರೆ ಖ. ಉರ್ದು ಫೊನೆಟಿಕ್ ಇಟ್ಟುಕೊಂಡವರಿಗೆ ಅದೇ ಕೀಲಿ ನೂನ್ ಕೊಡುತ್ತದೆ.

ಅಂದರೆ ನಮ್ಮ ಲ್ಯಾಬ್‌ನ ಒಂದೇ ಕೀಲಿ, ಯಾರು ಕೂತಿದ್ದಾರೆ ಎಂಬುದರ ಮೇಲೆ, ಇ.ಕೀಯಲ್ಲಿ ಇಂಗ್ಲಿಷ್ ಎನ್, ಲ, ನ, ನೂನ್ ಹೀಗೆ ನಾಲ್ಕು ವೇಷ ಹಾಕುತ್ತದೆ. ಕ್ಯಾಪ್ಸ್ ಲಾಕ್ ಬಿದ್ದಿದ್ದರೆ ದೊಡ್ಡ ಎನ್ ಐದನೆಯದು. ಇ.ಕೋಡ್ ಮಾತ್ರ ಇನ್‌ಸ್ಕ್ರಿಪ್ಟ್ ಇರಲಿ, ಉರ್ದು ಇರಲಿ, "ಕೀಎನ್" ಎಂದೇ ಹೇಳುತ್ತದೆ (ಟೈಪ್ ಮಾಡುವಾಗ ಕೀ ಪದದ ಮೊದಲಕ್ಷರ ದೊಡ್ಡದು, ಎನ್ ದೊಡ್ಡದು, ನಡುವೆ ಜಾಗವಿಲ್ಲ). ಕೋಡನ್ನು ಇ.ಕೋಡ್ === "ಕೀಎನ್" ಎಂದು ಬದಲಿಸಿದ ಕೂಡಲೇ ಆ ಕಂಪ್ಯೂಟರ್ ಕೂಡ ಮಾತು ಕೇಳಿತು.

ಇ.ಕೋಡ್ ಎಲ್ಲಕ್ಕೂ ಮದ್ದಲ್ಲ. ಫ್ರಾನ್ಸ್‌ನ ಕೀಬೋರ್ಡಿನಲ್ಲಿ ಎ ಮತ್ತು ಕ್ಯೂ ಜಾಗ ಅದಲು ಬದಲು. ಅಲ್ಲಿ "ಕೀಎ" ಎಂದರೆ ಮೇಲೆ ಕ್ಯೂ ಎಂದು ಅಚ್ಚಾಗಿರುವ ಕೀಲಿ. ನಮ್ಮ ಕಡೆಯ ಕೀಬೋರ್ಡ್‌ಗಳಲ್ಲೆಲ್ಲ ಅಮೆರಿಕದ ಅಚ್ಚೇ ಇರುವುದರಿಂದ ನಮಗೆ ತೊಂದರೆಯಿಲ್ಲ. ಇನ್ನು, ಬೇರೆ ತಂತ್ರಾಂಶವೊಂದು ನಡುವೆ ಕೂತು ಅಕ್ಷರವನ್ನು ಬದಲಿಸಿ ಕಳಿಸುವಾಗ ಪುಟಕ್ಕೆ ಮೂಲ ಕೀಲಿಯ ಗುರುತೇ ಸಿಗದೆ ಹೋಗಬಹುದು. ಹಾಗಾಗಿ ಎನ್ ಕೀಲಿ ಒಂದು ಸೌಕರ್ಯವಷ್ಟೇ ಆಗಿರಲಿ. ತೆರೆಯ ಮೇಲೆ ಕಾಣುವ "ಮುಂದೆ" ಬಟನ್ ಎಂದಿಗೂ ತೆಗೆಯಬೇಡಿ.

ಅಂಕಿಗಳ ವಿಷಯದಲ್ಲಿ ನಾನು ಉಲ್ಟಾ ಹೇಳುತ್ತೇನೆ. ನಾಲ್ಕು ಉತ್ತರಗಳಿಗೆ 1ರಿಂದ 4ರ ಕೀಲಿ ಕೊಡುವಾಗ ಇ.ಕೀಯೇ ಒಳ್ಳೆಯದು. ಏಕೆಂದರೆ ಮೇಲಿನ ಸಾಲಿನ 1 ಮತ್ತು ಬಲಬದಿಯ ನಂಬರ್ ಪ್ಯಾಡಿನ 1 ಬೇರೆ ಜಾಗದ ಕೀಲಿಗಳು, ಅವುಗಳ ಇ.ಕೋಡ್ ಬೇರೆ ಬೇರೆ. ನಮ್ ಲಾಕ್ ಹಾಕಿದ್ದರೆ ಎರಡರ ಇ.ಕೀಯೂ "1" ಎಂದೇ ಬರುತ್ತದೆ. ವಿನ್ಯಾಸ ಕನ್ನಡ ಅಂಕಿ ಕೊಡುವಂಥದ್ದಾದರೆ "೧" ಬರುತ್ತದೆ. ಅದಕ್ಕೆ "1234" ಮತ್ತು "೧೨೩೪" ಎಂಬ ಎರಡು ಸ್ಟ್ರಿಂಗ್ ಇಟ್ಟುಕೊಂಡು, ಇಂಡೆಕ್ಸ್‌ಆಫ್ ಮೆಥಡ್‌ನಿಂದ ಎರಡರಲ್ಲೂ ಹುಡುಕಿದರೆ ಸಾಕು. ಸಿಕ್ಕ ಸ್ಥಾನವೇ ಉತ್ತರದ ಬಟನ್ನಿನ ಸ್ಥಾನ, ಸೊನ್ನೆಯಿಂದ ಎಣಿಸಿದರೆ.

ಬಾಣದ ಕೀಲಿ ಬಳಸುವವರಿಗೆ ಒಂದು ಕಿವಿಮಾತು. ಕನ್ನಡ ಪುಟದಲ್ಲಿ ಮುಂದೆ ಎಂದರೆ ಬಲಕ್ಕೆ. ಉರ್ದು ಪುಟದಲ್ಲಿ ಓದು ಬಲದಿಂದ ಎಡಕ್ಕೆ ಸಾಗುವುದರಿಂದ ಮುಂದೆ ಎಂದರೆ ಎಡಬಾಣ. ಉರ್ದು ವಿಭಾಗದವರಿಗೆ ಕ್ವಿಜ್ ಮಾಡಿಕೊಡುವವರು ಇದನ್ನು ಮರೆಯುವಂತಿಲ್ಲ.

ಪೆಟ್ಟಿಗೆಯೊಳಗೆ ಬರೆಯುವಾಗ

ಕೊನೆಯ ಸುತ್ತಿನಲ್ಲಿ ಉತ್ತರವನ್ನು ಟೈಪ್ ಮಾಡಬೇಕಿತ್ತು. ಒಬ್ಬರು ಇಂಗ್ಲಿಷ್‌ನಲ್ಲಿ ಊರಿನ ಹೆಸರು ಬರೆಯುತ್ತಿದ್ದರು. ಎನ್ ಬಂದ ತಕ್ಷಣ ಪುಟ ಮುಂದೆ ಓಡಿತು. ಸಿಂಧನೂರು ಎಂದು ಬರೆಯಹೊರಟವರಿಗೆ ಮೂರನೆಯ ಅಕ್ಷರಕ್ಕೇ ಆಟ ಮುಗಿಯಿತು. ಕೇಳುವವನನ್ನು ಇಡೀ ಪುಟಕ್ಕೆ ಕೂರಿಸಿದ್ದರ ಫಲ ಇದು. ಪೆಟ್ಟಿಗೆಯಲ್ಲಿ ಹೊಡೆದ ಕೀಲಿಯೂ ಅವನ ಕಿವಿಗೆ ಬೀಳುತ್ತದೆ. ಕಡೆಗೆ ನಿಂತ ರೂಪ ಹೀಗಿದೆ:

ಡಾಕ್ಯುಮೆಂಟ್.ಆ್ಯಡ್‌ಈವೆಂಟ್‌ಲಿಸನರ್("ಕೀಡೌನ್", ಫಂಕ್ಷನ್ (ಇ) {
  ಇಫ್ (ಇ.ರಿಪೀಟ್ || ಇ.ಈಸ್‌ಕಂಪೋಸಿಂಗ್) ರಿಟರ್ನ್;
  ಇಫ್ (ಇ.ಕಂಟ್ರೋಲ್‌ಕೀ || ಇ.ಆಲ್ಟ್‌ಕೀ || ಇ.ಮೆಟಾಕೀ) ರಿಟರ್ನ್;
  ಇಫ್ (ಇ.ಟಾರ್ಗೆಟ್.ಕ್ಲೋಸೆಸ್ಟ್("ಇನ್‌ಪುಟ್, ಟೆಕ್ಸ್ಟ್‌ಏರಿಯಾ, ಸೆಲೆಕ್ಟ್")) ರಿಟರ್ನ್;
  ಇಫ್ (ಇ.ಕೋಡ್ === "ಕೀಎನ್") ಮುಂದೆ.ಕ್ಲಿಕ್();
});

ಕಂಟ್ರೋಲ್ ಎಂಬುದನ್ನು ಕೋಡ್‌ನಲ್ಲಿ ಚಿಕ್ಕದಾಗಿ ಸಿ ಟಿ ಆರ್ ಎಲ್ ಎಂದು ನಾಲ್ಕೇ ಅಕ್ಷರದಲ್ಲಿ ಬರೆದು, ಹಿಂದೆಯೇ ಕೀ ಸೇರಿಸಬೇಕು. ಈಸ್‌ಕಂಪೋಸಿಂಗ್‌ನಲ್ಲಿ ಸಿ ದೊಡ್ಡದು.

ರಿಪೀಟ್: ಕೀಲಿಯನ್ನು ಹಿಡಿದುಕೊಂಡರೆ ಕೀಡೌನ್ ಮಳೆಯ ಹಾಗೆ ಸುರಿಯುತ್ತದೆ. ಮೊದಲನೆಯದನ್ನು ಬಿಟ್ಟು ಉಳಿದವುಗಳಲ್ಲಿ ಇ.ರಿಪೀಟ್ ನಿಜ ಎಂದಿರುತ್ತದೆ. ಗಾಬರಿಯಲ್ಲಿ ಬೆರಳು ಒತ್ತಿ ಹಿಡಿದವರಿಗೆ ಹತ್ತು ಪ್ರಶ್ನೆ ಹಾರಿಹೋಗಬಾರದಲ್ಲ.

ಕಂಟ್ರೋಲ್ ಜೊತೆಗಿನ ಒತ್ತುಗಳನ್ನು ಬಿಟ್ಟುಕೊಟ್ಟದ್ದು ಬ್ರೌಸರ್‌ನ ಸ್ವಂತ ಶಾರ್ಟ್‌ಕಟ್‌ಗಳಿಗಾಗಿ. ಕಂಟ್ರೋಲ್ ಮತ್ತು ಎನ್ ಹೊಸ ಕಿಟಕಿ ತೆರೆಯುತ್ತದೆ. ಕ್ರೋಮ್‌ನಲ್ಲಿ ಅಂಥ ಕೆಲವನ್ನು ಪುಟ ತಡೆಯಲು ಹೋದರೂ ಆಗುವುದಿಲ್ಲ.

ಈಸ್‌ಕಂಪೋಸಿಂಗ್ ಕನ್ನಡಿಗರಿಗೆ ಬಹಳ ಬೇಕಾದದ್ದು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪದ ಪಡೆಯುವ ವಿಧಾನಗಳಲ್ಲಿ ಕರ್ಸರ್ ಕೆಳಗೆ ಪದಗಳ ಪಟ್ಟಿ ಬರುತ್ತದೆ, ಎಂಟರ್ ಹೊಡೆದು ಒಂದನ್ನು ಆರಿಸುತ್ತೇವೆ. ಆ ಎಂಟರ್ ಪದ ಆರಿಸಲು ಹೊಡೆದದ್ದು, ಸಂದೇಶ ಕಳಿಸಲು ಅಲ್ಲ. ಆ ಹೊತ್ತಿನಲ್ಲಿ ಇ.ಈಸ್‌ಕಂಪೋಸಿಂಗ್ ನಿಜವಾಗಿರುತ್ತದೆ. ಚಾಟ್ ಪೆಟ್ಟಿಗೆಯಂಥದ್ದಕ್ಕೆ ನೀವೇ ಎಂಟರ್ ಕೇಳುವ ಕೋಡ್ ಬರೆದರೆ ಇದನ್ನು ಪರೀಕ್ಷಿಸದೆ ಬಿಡಬೇಡಿ. ಇಲ್ಲದಿದ್ದರೆ ಇಂಗ್ಲಿಷ್‌ನವರಿಗೆ ಸರಿ ಹೋಗುವ ಪುಟ ಕನ್ನಡದವರ ಅರ್ಧ ವಾಕ್ಯವನ್ನು ಕಳಿಸಿಬಿಡುತ್ತದೆ, ಮಾಡಿದವರಿಗೆ ಗೊತ್ತೂ ಆಗುವುದಿಲ್ಲ.

ನಿಮ್ಮಲ್ಲಿ ಬಹುಪಾಲು ಜನರ ಕಂಪ್ಯೂಟರ್ ಎಂದರೆ ಮೊಬೈಲ್. ಆಂಡ್ರಾಯ್ಡ್ ಕೀಬೋರ್ಡ್‌ಗಳಲ್ಲಿ ಅಕ್ಷರ ಒತ್ತಿದಾಗ ಹೆಚ್ಚಿನ ವೇಳೆ ಇ.ಕೀ "ಅನ್‌ಐಡೆಂಟಿಫೈಡ್" ಎಂದೂ ಕೀಕೋಡ್ 229 ಎಂದೂ ಬರುತ್ತದೆ. ಯಾವ ಅಕ್ಷರ ಎಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಫೋನಿಗೆ ಕೀಡೌನ್ ನಂಬಬೇಡಿ. ಪೆಟ್ಟಿಗೆಯಲ್ಲಿ ಏನು ಬರೆದರು ಎಂದು ತಿಳಿಯಲು ಇನ್‌ಪುಟ್ ಈವೆಂಟ್, ಕಳಿಸಿದರೆ ಎಂದು ತಿಳಿಯಲು ಫಾರ್ಮ್‌ನ ಸಬ್‌ಮಿಟ್ ಈವೆಂಟ್ ಕೇಳಿ. ಇವೆರಡೂ ಕಂಪ್ಯೂಟರ್‌ನಲ್ಲೂ ಓಡುತ್ತವೆ.

ಕಣ್ಣಿಲ್ಲದವರು ಒತ್ತುವ ಬಟನ್

ಇಂಟರ್‌ನೆಟ್‌ನಿಂದ ನಕಲು ಮಾಡಿ ತಂದ ಪುಟಗಳಲ್ಲಿ ಒಂದು ಚಾಳಿ ಕಾಣುತ್ತದೆ. ಬಟನ್ ಟ್ಯಾಗ್ ಬಿಟ್ಟು ಡಿವ್ ಟ್ಯಾಗ್‌ಗೆ ಬಣ್ಣ ಬಳಿದು, ಮೂಲೆ ದುಂಡಗೆ ಮಾಡಿ, ಬಟನ್ ಎಂದು ನಿಲ್ಲಿಸುವುದು. ಮೌಸ್‌ಗೆ ಕ್ಲಿಕ್ ಆಗುತ್ತದೆ. ಟ್ಯಾಬ್ ಒತ್ತಿದರೆ ಅಲ್ಲಿಗೆ ಹೋಗುವುದೇ ಇಲ್ಲ. ಎಂಟರ್, ಸ್ಪೇಸ್ ಅದಕ್ಕೆ ಗೊತ್ತಿಲ್ಲ. ಸರಿಪಡಿಸಬೇಕೆಂದರೆ ಟ್ಯಾಬ್‌ಇಂಡೆಕ್ಸ್ ಸೊನ್ನೆ, ರೋಲ್ ಸಮ "ಬಟನ್", ಮೇಲೆ ಎಂಟರ್‌ಗೊಂದು ಕೋಡ್, ಸ್ಪೇಸ್‌ಗೊಂದು ಕೋಡ್, ಸ್ಪೇಸ್ ಒತ್ತಿದಾಗ ಪುಟ ಕೆಳಗೆ ಜಾರದಂತೆ ಪ್ರಿವೆಂಟ್‌ಡಿಫಾಲ್ಟ್, ಇಷ್ಟೆಲ್ಲ ಬೇಕು. ಬಟನ್ ಟ್ಯಾಗ್ ಬರೆದರೆ ಇದೆಲ್ಲ ಪುಕ್ಕಟೆ.

ದೃಷ್ಟಿ ಇಲ್ಲದ ವಿದ್ಯಾರ್ಥಿಗಳು ಬಳಸುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಜೇಮ್ಸ್ ಟೆಹ್ ಜೊತೆಗೂಡಿದರು, ಇಬ್ಬರಿಗೂ ದೃಷ್ಟಿ ಇಲ್ಲ. ಅದು ಪುಟವನ್ನು ಓದಿ ಹೇಳುತ್ತದೆ, ಕನ್ನಡದಲ್ಲೂ ಓದುತ್ತದೆ. ಅದರ ಓದುವ ಸ್ಥಿತಿಯಲ್ಲಿ ಬಿ ಒತ್ತಿದರೆ ಮುಂದಿನ ಬಟನ್‌ಗೆ, ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತದೆ. ಅಂದರೆ ಆ ಅಕ್ಷರಗಳನ್ನು ಎನ್‌ವಿಡಿಎ ತಾನೇ ಹಿಡಿದುಕೊಳ್ಳುತ್ತದೆ, ನಮ್ಮ ಕೀಡೌನ್‌ಗೆ ಬರುವುದಿಲ್ಲ. ಬರಿಯ ಕೀಲಿಯ ಮೇಲೆ ನಿಂತ ಪುಟ ಅವರಿಗೆ ಬಾಗಿಲಿಲ್ಲದ ಮನೆ. ನಿಜವಾದ ಬಟನ್ ಇದ್ದರೆ "ಮುಂದೆ, ಬಟನ್" ಎಂದು ಓದುತ್ತದೆ, ಅವರು ಎಂಟರ್ ಹೊಡೆಯುತ್ತಾರೆ, ಕ್ಲಿಕ್ ಆಗುತ್ತದೆ. 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ಇದಕ್ಕೇ ಒಂದು ಅಂಶ ಸೇರಿಸಿದೆ. ಒಂದೇ ಅಕ್ಷರದ ಶಾರ್ಟ್‌ಕಟ್ ಇಟ್ಟರೆ ಅದನ್ನು ನಿಲ್ಲಿಸಲು ಅಥವಾ ಬದಲಿಸಲು ದಾರಿ ಇರಬೇಕು. ನಮ್ಮ ಕ್ವಿಜ್ ಪುಟದಲ್ಲಿ ಆ ದಾರಿ ಇನ್ನೂ ಇಲ್ಲ. ಕೆಳಗಿನ ಮೂರನೆಯ ಅಭ್ಯಾಸ ಅದಕ್ಕಾಗಿಯೇ. ಟ್ಯಾಬ್ ಒತ್ತಿದಾಗ ಬರುವ ಗೆರೆ ಚೆಂದ ಕಾಣುವುದಿಲ್ಲ ಎಂದು ಔಟ್‌ಲೈನ್ ನನ್ ಬರೆದು ಅಳಿಸುವವರಿಗೂ ಒಂದು ಮಾತು: ಆ ಗೆರೆ ಹೋದರೆ ಪ್ಲಾಸ್ಟರ್ ಹಾಕಿಕೊಂಡ ಹುಡುಗಿಗೆ ತಾನು ಎಲ್ಲಿದ್ದೇನೆಂದು ತಿಳಿಯುವುದಿಲ್ಲ.

ಬಾರ್‌ಕೋಡ್ ಯಂತ್ರವನ್ನು ಗ್ರಂಥಾಲಯದಲ್ಲೋ ಅಂಗಡಿಯಲ್ಲೋ ನೋಡಿರುತ್ತೀರಿ. ಅದೂ ಈ ಪಾಠದ ಒಳಗೇ ಬರುತ್ತದೆ. ಸಾಮಾನ್ಯ ಸ್ಕ್ಯಾನರ್ ಕಂಪ್ಯೂಟರ್ ಪಾಲಿಗೆ ಒಂದು ಕೀಬೋರ್ಡ್. ಪುಸ್ತಕದ ಹಿಂಬದಿಯ ಗೆರೆಗಳನ್ನು ಓದಿ ಸಂಖ್ಯೆಗಳನ್ನು ಪಟಪಟ ಟೈಪ್ ಮಾಡುತ್ತದೆ, ಸಾಮಾನ್ಯವಾಗಿ ಕೊನೆಗೆ ಒಂದು ಎಂಟರ್ ತಾನೇ ಹೊಡೆಯುತ್ತದೆ. ಆ ಎಂಟರ್ ಫಾರ್ಮ್‌ನ ಮೊದಲ ಸಬ್‌ಮಿಟ್ ಬಟನ್ನನ್ನು ಒತ್ತುತ್ತದೆ, ಗ್ರಂಥಪಾಲಕರು ಮೌಸ್ ಮುಟ್ಟದೆ ಪುಸ್ತಕ ಕೊಡುತ್ತಾರೆ. ನಮ್ಮ ಹುಡುಗನ ಅರ್ಜಿ ಕೆಡಿಸಿದ ನಿಯಮ ಇಲ್ಲಿ ದಿನಕ್ಕೆ ನೂರು ಸಲ ಉಪಕಾರ ಮಾಡುತ್ತದೆ.

ಅಭ್ಯಾಸ

1. ಒಂದು ಫಾರ್ಮ್‌ನಲ್ಲಿ ಹೆಸರಿನ ಪೆಟ್ಟಿಗೆ, ಅದರ ಮೇಲೆ ಟೈಪ್ ಬರೆಯದ "ಎಲ್ಲ ಅಳಿಸು" ಬಟನ್, ಕೆಳಗೆ "ಕಳಿಸು" ಬಟನ್ ಇಡಿ. ಎಂಟರ್ ಹೊಡೆದಾಗ ಯಾವುದು ಒತ್ತಲ್ಪಟ್ಟಿತು ಎಂದು ಅಲರ್ಟ್‌ನಿಂದ ತೋರಿಸಿ. ಒಂದೇ ಪದ ಸೇರಿಸಿ ಸರಿಪಡಿಸಿ.

2. ಒತ್ತಿದ ಪ್ರತಿ ಕೀಲಿಯ ಇ.ಕೀ ಮತ್ತು ಇ.ಕೋಡ್ ತೆರೆಯ ಮೇಲೆ ಬರುವ ಪುಟ ಮಾಡಿ. ಅದನ್ನು ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ ಪರೀಕ್ಷಿಸಿ ಮೂರು ಕಾಲಂನಲ್ಲಿ ಬರೆದು ತನ್ನಿ. ಮನೆಯಲ್ಲಿ ಮೊಬೈಲ್ ಮಾತ್ರ ಇದ್ದವರು ಅದರಲ್ಲೇ ನೋಡಿ, ಬಂದದ್ದನ್ನು ಹಾಗೆಯೇ ಬರೆಯಿರಿ.

3. ಕ್ವಿಜ್ ಪುಟದಲ್ಲಿ "ಶಾರ್ಟ್‌ಕಟ್ ಬೇಡ" ಎಂಬ ಚೆಕ್‌ಬಾಕ್ಸ್ ಸೇರಿಸಿ, ಅದಕ್ಕೆ ಗುರುತು ಹಾಕಿದಾಗ ಎನ್ ಮತ್ತು ಅಂಕಿ ಕೀಲಿಗಳು ಸುಮ್ಮನಿರಬೇಕು. ಒಂದು ಸುಳಿವು: ಚೆಕ್‌ಬಾಕ್ಸ್ ಕೂಡ ಇನ್‌ಪುಟ್ ಟ್ಯಾಗೇ. ಗುರುತು ತೆಗೆದ ಮೇಲೂ ಫೋಕಸ್ ಅದರ ಮೇಲೆಯೇ ಇರುವ ತನಕ ಎನ್ ಏಕೆ ಕೆಲಸ ಮಾಡುವುದಿಲ್ಲ ಎಂದು ಮೇಲಿನ ಕೋಡ್ ನೋಡಿ ಹೇಳಿ.

4. ಮೌಸ್ ಕಿತ್ತು ಪಕ್ಕಕ್ಕಿಟ್ಟು, ನಿಮ್ಮ ಪುಟವನ್ನು ಮೊದಲಿನಿಂದ ಕೊನೆತನಕ ಕೀಬೋರ್ಡಿನಿಂದಲೇ ಓಡಿಸಿ. ಎಲ್ಲಿ ಸಿಕ್ಕಿಕೊಂಡಿರಿ ಎಂದು ಬರೆದಿಡಿ. ಶನಿವಾರ ಲ್ಯಾಬ್ ಅವಧಿಯಲ್ಲಿ ಒಬ್ಬರ ಪುಟವನ್ನು ಇನ್ನೊಬ್ಬರು ಹೀಗೆಯೇ ಪರೀಕ್ಷೆ ಮಾಡೋಣ.